ಸಮುದ್ರಕ್ಕೆ ಇಳಿಯಬಾರದ ವಾರ

ನುಂಗಂಬಾಕ್ಕಂನ ನಮ್ಮ ಮನೆಯಲ್ಲಿ ನಾನು ಗಡ್ಡ ಹೆರೆದುಕೊಳ್ಳುವುದಕ್ಕೆ ಇದ್ದದ್ದು ಒಂದೇ ಜಾಗ, ಹಿತ್ತಲ ಜಗಲಿ. ಅಲ್ಲಿ ಕಂಬದ ಮೊಳೆಗೆ ಮಾವನವರ ಕಾಲದ ಕನ್ನಡಿಯೊಂದು ತೂಗುತ್ತಿತ್ತು. ಅದರ ಎದುರಿಗೇ ಅಡುಗೆಮನೆಯ ಕಿಟಕಿ. ಕಿಟಕಿಯ ಆ ಕಡೆ ಅತ್ತೆ.

‘ನಮ್ಮ ಮನೆ’ ಅಂದದ್ದು ಬಾಯಿತಪ್ಪಿ. ಅದು ಅತ್ತೆಯ ಮನೆ. ಕೆಲಸಕ್ಕೆಂದು ಮೈಸೂರಿನಿಂದ ಬಂದ ನಾನು, ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಬೇರುಬಿಟ್ಟ ಒಂದು ಮಾಧ್ವರ ಮನೆಯ ಒಬ್ಬಳೇ ಮಗಳನ್ನು ಮದುವೆಯಾಗಿ, ಮಾವ ತೀರಿಕೊಂಡಿದ್ದರಿಂದ ಅತ್ತೆಯನ್ನು ಒಂಟಿ ಬಿಡಬಾರದೆಂದು ಅದೇ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದೆ. ಊರಿಗೆ ಹೋದಾಗ ಅಣ್ಣ “ಬಾರಪ್ಪ ಮನೆ ಅಳಿಯ” ಎಂದು ಸ್ವಾಗತಿಸುತ್ತಿದ್ದ. ನನಗೆ ಉರಿಯುತ್ತಿತ್ತು. ಆದರೆ ಅತ್ತೆಯ ಕೈ ಅಡುಗೆ ಉಂಡವನು ಅಲ್ಲಿಂದ ಕದಲುವ ಮಾತಾಡುವುದಿಲ್ಲ. ಅವರ ಪುಳಿಯೋಗರೆಗೆ, ಮಜ್ಜಿಗೆ ಹುಳಿಗೆ ತಿರುವಲ್ಲಿಕ್ಕೇಣಿಯ ಬಂಧುಬಳಗದಲ್ಲೆಲ್ಲ ಹೆಸರಿತ್ತು. ಆ ಹೆಸರು ತಮಗಿದೆಯೆಂದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಅವರ ಸಾರಿಗೆ ಉಪ್ಪು ಒಂದು ಹರಳು ಕಡಿಮೆ ಎಂದು ಯಾರಾದರೂ ಅಂದರೆ ಆ ಮನುಷ್ಯನ ವಂಶಾವಳಿಯೇ ಹೊರಬರುತ್ತಿತ್ತು.

ಇನ್ನೊಂದು ಹೆಸರೂ ಅವರಿಗಿತ್ತು. ಅತ್ತೆಯ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ತಿರುವಲ್ಲಿಕ್ಕೇಣಿ ಮುಟ್ಟುತ್ತಿತ್ತು.

ನನ್ನ ಹುಚ್ಚು ಟ್ರಯಥ್ಲಾನ್. ಈಜಬೇಕು, ಮೇಲೆದ್ದು ಸೈಕಲ್ ತುಳಿಯಬೇಕು, ಇಳಿದು ಓಡಬೇಕು, ಎಲ್ಲವೂ ಒಂದರ ಬೆನ್ನಿಗೊಂದು. ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಚೆನ್ನೈನಲ್ಲಿ ಈ ಹುಚ್ಚು ಹಿಡಿದವರು ಒಂದು ವ್ಯಾನಿಗೆ ಸಾಲುವಷ್ಟು ಮಂದಿ ಇದ್ದೆವು. ಕಸ್ಟಮ್ಸಿನಿಂದ ನಿವೃತ್ತರಾದ ಒಬ್ಬ ಹಿರಿಯರು ನಮ್ಮನ್ನೆಲ್ಲ ಒಟ್ಟುಗೂಡಿಸಿ ಸ್ಪರ್ಧೆ ನಡೆಸುತ್ತಿದ್ದರು. ಅವರನ್ನು ನಾವೆಲ್ಲ ಸಾರ್ ಅನ್ನುತ್ತಿದ್ದೆವು, ಅವರೂ ನಮ್ಮನ್ನೆಲ್ಲ ಸಾರ್ ಅನ್ನುತ್ತಿದ್ದರು. ಆ ವರ್ಷ ಮಾರ್ಗಳಿಯ ಚಳಿ ಮುಗಿದು, ಸಂಕ್ರಾಂತಿಯೊಂದಿಗೆ ತಮಿಳರ ತೈ ತಿಂಗಳು ಹುಟ್ಟಿದ ಮೇಲೆ ಅವರು ಒಂದು ವಾರವನ್ನು ಪೂರ್ತಿ ತುಂಬಿಸಿಬಿಟ್ಟರು. ಭಾನುವಾರ ಒಂದು ಶಾಲೆಯ ಈಜುಕೊಳದಲ್ಲಿ ಚಿಕ್ಕ ಟ್ರಯಥ್ಲಾನ್, ವಾರದ ನಡುವೆ ಗಣರಾಜ್ಯೋತ್ಸವದ ರಜೆಯಲ್ಲಿ ತಿರುವೊಟ್ಟಿಯೂರಿನ ಕಿವುಡ ಮಕ್ಕಳ ಶಾಲೆಯೊಂದರ ಸಹಾಯಾರ್ಥ ಸೈಕಲ್ ಸವಾರಿ, ಮುಂದಿನ ಭಾನುವಾರ ಸಮುದ್ರದಲ್ಲಿ ಈಜುವ ದೊಡ್ಡ ಸ್ಪರ್ಧೆ. ಸಮುದ್ರದ್ದು ನಮಗೆಲ್ಲ ಅದೇ ಮೊದಲು. ನಾನು ವರ್ಷವಿಡೀ ಕಾದದ್ದು ಅದಕ್ಕೆ.

ಈಜುಕೊಳದ ಸ್ಪರ್ಧೆಯಲ್ಲಿ ನನಗೆ ಎರಡನೆಯ ಸ್ಥಾನ ಬಂತು. ಸ್ಟೀಲಿನ ಲೋಟವೊಂದನ್ನು ಬಹುಮಾನ ಕೊಟ್ಟರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ತೂಕ ಇಲ್ಲ, ಮಾಪ್ಪಿಳ್ಳೆ. ಕಾಫಿ ಹಾಕಿದ್ರೆ ಕೈ ಸುಡತ್ತೆ,” ಅಂದರು. ಮದ್ರಾಸಿನ ರೂಢಿಯಂತೆ ಅವರು ಅಳಿಯನನ್ನು ಮಾಪ್ಪಿಳ್ಳೆ ಎಂದೇ ಕರೆಯುತ್ತಿದ್ದರು. ಆದರೂ ಲೋಟವನ್ನು ದೇವರ ಗೂಡಿನ ಪಕ್ಕ ಇಟ್ಟರು. ಅವತ್ತು ನಾನು ಬೀಗುತ್ತ ಮಲಗಿದೆ.

ಸೋಮವಾರ ಬೆಳಗ್ಗೆ ನನ್ನ ಹೆಂಡತಿ ಮಹಡಿಯ ಬಾಗಿಲು ಹಾಕಿ, ಫ್ಯಾನನ್ನು ಜೋರು ಮಾಡಿ, ನನ್ನನ್ನು ಹಾಸಿಗೆಯ ಮೇಲೆ ಕೂರಿಸಿದಳು. ಕೆಳಗೆ ಮಾತು ಕೇಳದಿರಲೆಂದು ಫ್ಯಾನ್. ಅಷ್ಟರಲ್ಲೇ ನನಗೆ ಅರ್ಥವಾಯಿತು.

“ಹೌದು,” ಅಂದಳು. “ಲ್ಯಾಬಿಂದ ರಿಸಲ್ಟ್ ಬಂತು.”

ನನಗೆ ಕುಣಿಯಬೇಕೆನಿಸಿತು, ಅಷ್ಟೇ ಭಯವೂ ಆಯಿತು. ಇದಕ್ಕೆ ಎರಡು ವರ್ಷದ ಹಿಂದೆ ಒಮ್ಮೆ ಇದೇ ಸುದ್ದಿ ಬಂದಿತ್ತು. ಅವತ್ತು ಅವಳು ನೇರವಾಗಿ ಅಮ್ಮನಿಗೆ ಹೇಳಿದ್ದಳು. ಅತ್ತೆ ನನ್ನನ್ನು ಕರೆದು ಬಸುರಿಯ ಗಂಡನ ಕಟ್ಟಳೆಗಳನ್ನು ವಿಧಿಸಿದ್ದರು. ಗಡ್ಡ ಮೀಸೆ ತಲೆಗೂದಲು ತೆಗೆಯುವಂತಿಲ್ಲ, ಹೆಣ ಹೊರುವಂತಿಲ್ಲ, ಸಮುದ್ರಸ್ನಾನ ಕೂಡದು. ಮೈಸೂರಿನಲ್ಲಿ ನನ್ನ ಅಜ್ಜಿಯೂ ಹೀಗೆಲ್ಲ ಹೇಳುತ್ತಿದ್ದರು, ಆದರೆ ಅಲ್ಲಿ ಸಮುದ್ರ ಎಲ್ಲಿಂದ ಬರಬೇಕು? ನಾನು ನಗುತ್ತಲೇ ಎಲ್ಲವನ್ನೂ ಪಾಲಿಸಿದೆ. ಅತ್ತೆಯ ಬಾಯಿಂದಲೂ ನನ್ನ ಗಡ್ಡದಿಂದಲೂ ಬಳಗದವರಿಗೆಲ್ಲ ವಿಷಯ ತಿಳಿಯಿತು. ಮದುವೆಮನೆಗಳಲ್ಲಿ ಗುರುತಿಲ್ಲದ ಮುದುಕರು ನನ್ನ ಗಲ್ಲ ಸವರಿ, “ಏನಪ್ಪಾ, ವಿಶೇಷವೋ?” ಎಂದು ನಕ್ಕರು. ನಾಲ್ಕನೆಯ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನ ನಾನು ಆ ಜಗಲಿಯಲ್ಲಿ ಕೂತು ಗಡ್ಡ ತೆಗೆದೆ. ಅತ್ತೆ ಒಂದು ಮಾತೂ ಆಡದೆ ಬಿಸಿನೀರಿನ ಚೊಂಬು ತಂದಿಟ್ಟು ಒಳಗೆ ಹೋದರು. ಆಮೇಲೆ ನುಣುಪಾದ ನನ್ನ ಮುಖ ನೋಡಿ ಬೀದಿಯವರಿಗೂ ಬಳಗದವರಿಗೂ ಎಲ್ಲ ತಿಳಿಯಿತು. ಒಬ್ಬೊಬ್ಬರೂ ಬಂದು ನನ್ನ ಹೆಂಡತಿಯ ಕೈ ಹಿಡಿದು ಮರುಗಿದರು. ಅವಳು ಅತ್ತದ್ದು ಮಗುವಿಗಾಗಿ ಎಷ್ಟೋ, ಆ ಮರುಕಕ್ಕಾಗಿ ಅಷ್ಟೇ.

“ಈ ಸಲ ಅಮ್ಮನಿಗೆ ಹೇಳಲ್ಲ,” ಅಂದಳು. “ಐದು ತುಂಬೋವರೆಗೂ ಯಾರಿಗೂ ಹೇಳಲ್ಲ. ನೀವು ಎಲ್ಲ ಮಾಮೂಲಾಗಿ ಮಾಡ್ಬೇಕು. ದಿನಾ ಅಮ್ಮನ ಕಣ್ಣೆದುರಿಗೇ ಶೇವ್ ಮಾಡ್ಬೇಕು. ಭಾನುವಾರ ಸಮುದ್ರಕ್ಕೆ ಇಳೀಬೇಕು. ನೀವು ಹಿಂದೆ ಸರಿದ್ರೆ ಅಮ್ಮ ಒಂದು ನಿಮಿಷದಲ್ಲಿ ಕಂಡುಹಿಡೀತಾಳೆ.”

“ಅಷ್ಟೇ ತಾನೇ,” ಎಂದೆ ನಾನು. ಇಂಥ ಕಟ್ಟಳೆಗಳನ್ನೆಲ್ಲ ಗೇಲಿ ಮಾಡುತ್ತ ಬೆಳೆದವನು ನಾನು. ನನಗೆ ಬೇಕಾದದ್ದನ್ನೇ ಅವಳು ಮಾಡು ಅನ್ನುತ್ತಿದ್ದಳು.

ಅದೇ ಬೆಳಗ್ಗೆ ಜಗಲಿಗೆ ಹೋಗಿ ಮುಖಕ್ಕೆ ನೊರೆ ಹಚ್ಚಿದೆ. ರೇಜರನ್ನು ಕೆನ್ನೆಯ ಹತ್ತಿರ ತಂದೆ. ಕೈ ಮುಂದಕ್ಕೆ ಹೋಗಲಿಲ್ಲ. ನಾನೇನು ಹುಚ್ಚನೇ, ಇದರಲ್ಲೇನಿದೆ ಎಂದು ಬೈದುಕೊಂಡೆ. ಹೋದ ಸಲ ಎಲ್ಲ ಪಾಲಿಸಿಯೂ ಉಳಿಯಲಿಲ್ಲವಲ್ಲ ಎಂದು ಬುದ್ಧಿ ಹೇಳಿತು. ಅಷ್ಟು ಪಾಲಿಸಿದಾಗಲೇ ಹಾಗಾದರೆ ಪಾಲಿಸದಿದ್ದರೆ ಏನಾದೀತು ಎಂದು ಇನ್ನೊಂದು ಕೇಳಿತು. ಕಿಟಕಿಯಲ್ಲಿ ಅತ್ತೆ ಕರಿಬೇವು ಬಿಡಿಸುತ್ತ ನಿಂತಿದ್ದರು. ನಾನು ಬೆನ್ನು ತಿರುಗಿಸಿ ರೇಜರಿನ ಹಿಡಿ ತಿರುವಿ, ಬ್ಲೇಡನ್ನು ತೆಗೆದು ಅಂಗಿಯ ಜೇಬಿಗೆ ಹಾಕಿ, ಬರೀ ರೇಜರನ್ನು ಮುಖದ ಮೇಲೆ ಆಡಿಸಿದೆ. ನೊರೆ ಹೋಯಿತು, ಗಡ್ಡ ಉಳಿಯಿತು. ಮುಖ ತೊಳೆದು ಸಿಳ್ಳೆ ಬೇರೆ ಹಾಕಿದೆ.

ಆ ವಾರವೆಲ್ಲ ಅದೇ ನಾಟಕ. ನನ್ನ ಗಡ್ಡ ಮೊದಲೇ ವಿರಳ, ನಾಲ್ಕು ದಿನ ಬಿಟ್ಟರೂ ಮಸಿ ಒರೆಸಿಕೊಂಡಷ್ಟೇ ಕಾಣುತ್ತಿತ್ತು. ಅತ್ತೆಗೆ ಕನ್ನಡಕವಿಲ್ಲದೆ ದೂರದ್ದು ಕಾಣದು ಎಂದು ನಾನು ಧೈರ್ಯವಾಗಿದ್ದೆ. ಹೆಂಡತಿ ಹತ್ತಿರದಿಂದ ನೋಡಿ ಹುಬ್ಬು ಗಂಟಿಕ್ಕಿದಾಗ, “ಹೊಸದಾಗಿ ಹೆರೆದ ಚರ್ಮಕ್ಕೆ ಉಪ್ಪುನೀರು ತಾಗಿದ್ರೆ ಉರಿಯತ್ತೆ. ಸಮುದ್ರಕ್ಕೆ ಇಳಿಯೋರು ಯಾರೂ ನುಣ್ಣಗೆ ಶೇವ್ ಮಾಡಲ್ಲ,” ಎಂದೆ. ಅದು ಸುಳ್ಳೇನೂ ಅಲ್ಲ, ಅದಕ್ಕೇ ಅವಳು ನಂಬಿದಳು. ಹೆಂಡತಿಗೆ ಒಂದು ವೇಷ, ಅತ್ತೆಗೆ ಒಂದು ವೇಷ. ಆ ಮನೆಯಲ್ಲಿ ನನಗೆ ಉಸಿರು ಬಿಡುವ ಜಾಗವೇ ಇರಲಿಲ್ಲ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಗಣರಾಜ್ಯೋತ್ಸವದ ದಿನ ಬೆಳಗ್ಗೆ ಸೈಕಲ್ ಹೊರಗೆ ತೆಗೆಯುವಾಗ ಅತ್ತೆ ಬಾಗಿಲಲ್ಲಿ ನಿಂತು, “ಊರಿಗೆ ಉಪಕಾರಿ, ಮನೆಗೆ ಮಾರಿ. ಮೋಟರ್ ಸ್ವಿಚ್ ಹೋಗಿ ಒಂದು ವಾರ ಆಯ್ತು, ನೋಡಿದ್ರಾ?” ಅಂದರು. ಎಂದಿನಂತೆ ನಾನು ತಿರುಗಿ ಏನಾದರೂ ಅನ್ನುವ ಬದಲು, ಸಂಜೆ ಸರಿ ಮಾಡ್ತೀನಿ ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಬೇಗ ಬನ್ನಿ,” ಎಂದು ಒಳಗೆ ಹೋದರು.

ಸವಾರಿ ತಿರುವೊಟ್ಟಿಯೂರಿನ ಆ ಶಾಲೆಯಿಂದ ಹೊರಟು ಮಾಧವರಂ ಹಾಲಿನ ಡೈರಿಯವರೆಗೆ ಹೋಗಿ ಹಿಂದಿರುಗುವುದು. ಬೆನ್ನಿಗೆ ಮಕ್ಕಳು ಬಣ್ಣ ಬಳಿದ ರಟ್ಟಿನ ಫಲಕ, ಹ್ಯಾಂಡಲ್ಲಿಗೆ ಕಾಗದದ ಬಾವುಟ. ರಜೆಯಾದರೂ ಕಂಟೇನರ್ ಲಾರಿಗಳಿಗೆ ರಜೆಯಿರಲಿಲ್ಲ. ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಹೊಗೆ ಕುಡಿಯುತ್ತ, ಮುಂದೆ ಹೋಗಲಾರದೆ ಹಿಂದೆ ಬರಲಾರದೆ ಎಷ್ಟೋ ಹೊತ್ತು ಪೆಡಲಿನ ಮೇಲೆ ನಿಂತೆ. ಬೇರೆ ದಿನವಾಗಿದ್ದರೆ ಡ್ರೈವರನ ಜೊತೆ ಜಗಳ ತೆಗೆಯುತ್ತಿದ್ದೆ. ಅವತ್ತು ಅದು ನನಗೆ ತಕ್ಕ ಜಾಗವೆಂದೇ ಅನ್ನಿಸಿತು. ಕರಾವಳಿಯ ರಸ್ತೆಗೆ ಬಂದಾಗ ಮೀನು ಒಣಹಾಕಿದ್ದ ಸಾಲಿನಾಚೆ ಸಮುದ್ರ ಕಂಡಿತು. ವರ್ಷವಿಡೀ ಯಾವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತೋ ಅದರಿಂದ ಮುಖ ತಿರುಗಿಸಿ ಸೈಕಲ್ ತುಳಿದೆ.

ಶಾಲೆಯ ಅಂಗಳದಲ್ಲಿ ಸಾರ್ ನಮ್ಮನ್ನೆಲ್ಲ ನಿಲ್ಲಿಸಿ ಮಾತಾಡಿದರು. ಟೀಚರಮ್ಮ ಅವರ ಮಾತನ್ನು ಕೈಸನ್ನೆಯಲ್ಲಿ ಮಕ್ಕಳಿಗೆ ತಿಳಿಸುತ್ತಿದ್ದರು. ಬರುವ ಭಾನುವಾರ ಇವರು ಸಮುದ್ರವನ್ನು ಈಜುತ್ತಾರೆ, ನಿಮ್ಮನ್ನೆಲ್ಲ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇವೆ ಎಂದು ಸಾರ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಮಕ್ಕಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ನಾನೂ ಕೈ ಎತ್ತಿ ಅಲ್ಲಾಡಿಸಿದೆ. ಮಾಡುವ ಮನಸ್ಸಿಲ್ಲದ ಕೆಲಸಕ್ಕೆ ಮೊದಲೇ ಚಪ್ಪಾಳೆ ಹೊಡೆಸಿಕೊಳ್ಳುವುದಕ್ಕಿಂತ ಕಷ್ಟ ಇನ್ನೊಂದಿಲ್ಲ.

ಶನಿವಾರ ಹೆಂಡತಿ ಆಫೀಸಿಗೆ ಹೋಗಿದ್ದಳು. ಮಧ್ಯಾಹ್ನ ಅತ್ತೆ ನನಗೊಬ್ಬನಿಗೇ ಬಡಿಸಿದರು. ಸಾರು, ಬೀನ್ಸ್ ಪಲ್ಯ, ಮೊಸರು. ಊಟದ ನಡುವೆ ಇದ್ದಕ್ಕಿದ್ದ ಹಾಗೆ, “ನಾಳೆ ನಾನೂ ಬರ್ತೀನಿ ಬೀಚಿಗೆ. ಆ ಮಕ್ಕಳಿಗೆ ಪುಳಿಯೋಗರೆ ಮಾಡ್ತೀನಿ,” ಅಂದರು. ನನ್ನ ಯಾವ ಸ್ಪರ್ಧೆಗೂ ಅವರು ಬಂದವರಲ್ಲ. ಇನ್ನು ಕಾಲುನೋವಿನ ನೆಪ ಹೇಳುವುದಕ್ಕೂ ಇಲ್ಲ, ಇಳಿದೆನೆಂದು ಸುಳ್ಳು ಹೇಳುವುದಕ್ಕೂ ಇಲ್ಲ.

ಭಾನುವಾರ ಬಿಸಿಲು ಇನ್ನೂ ಎಳೆಯದಾಗಿತ್ತು. ಅಲೆ ದೊಡ್ಡದಾಗಿರಲಿಲ್ಲ. ಮೀನುಗಾರರ ದೋಣಿಯೊಂದು ನಾವು ಸುತ್ತಿಬರಬೇಕಾದ ತೇಲುಗುಂಡಿನ ಹತ್ತಿರ ಕಾವಲಿಗೆ ನಿಂತಿತ್ತು. ಮಕ್ಕಳು ಮರಳಿನ ಮೇಲೆ ಸಾಲಾಗಿ ಕೂತಿದ್ದರು. ಅವರ ಹಿಂದೆ ಹೆಂಡತಿ, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡ ಅತ್ತೆ, ಅತ್ತೆಯ ಕಾಲ ಬುಡದಲ್ಲಿ ಬಟ್ಟೆ ಕಟ್ಟಿದ ಪುಳಿಯೋಗರೆಯ ದೊಡ್ಡ ಪಾತ್ರೆ. ಇಳಿದರೆ ಆಯಿತು, ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ, ನೀರು ನೀರೇ, ಎಂದು ನಾನು ಸಾಲಿನಲ್ಲಿ ನಿಂತೆ. ಸಾರ್ ಸೀಟಿ ಊದಿದರು. ಎಲ್ಲರೂ ಕೂಗುತ್ತ ಓಡಿ ನೀರಿಗೆ ಬಿದ್ದರು.

ನಾನು ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟೆ. ಒಂದು ಅಲೆ ಬಂತು. ಅದು ಪಾದಕ್ಕೆ ತಾಗುವ ಮೊದಲೇ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಇನ್ನೊಂದು ಬಂತು, ಮತ್ತೆ ಸರಿದೆ. ಮನಸ್ಸು ಗಟ್ಟಿ ಮಾಡಿದಷ್ಟೂ ಹೋದ ಸಲದ ಆಸ್ಪತ್ರೆಯ ಹಸಿರು ಪರದೆ ಕಣ್ಣಿಗೆ ಕಟ್ಟುತ್ತಿತ್ತು. ನನಗೆ ಸಮುದ್ರದ ಭಯವಿರಲಿಲ್ಲ. ನಾಳೆ ಏನಾದರೂ ಆದರೆ ಈ ನೀರನ್ನು ಜೀವನವಿಡೀ ನೆನೆಯಬೇಕಲ್ಲ ಎಂಬ ಭಯವಿತ್ತು.

“ಎನ್ನಾಚು ಸಾರ್?” ಎಂದು ಸಾರ್ ಕೂಗಿದರು. ಏನಾಯಿತೆಂದು ದಡದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಹೆಂಡತಿಯನ್ನು ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಬಸುರಿಯ ಗಂಡನೊಬ್ಬ ಸಮುದ್ರಕ್ಕೆ ಹೆದರಿ ನಿಂತಿದ್ದಾನೆ ಎಂದು ನಾನು ತಮಟೆ ಬಾರಿಸಿ ಹೇಳಿದ ಹಾಗಿತ್ತು. ಅವಳಮ್ಮ ಪಕ್ಕದಲ್ಲೇ ಇದ್ದರು. ಅವಳು ನನ್ನಿಂದ ಕೇಳಿದ್ದು ಒಂದೇ ಒಂದು, ಅದೂ ನನ್ನಿಂದ ಆಗಿರಲಿಲ್ಲ.

ಅಷ್ಟರಲ್ಲಿ ಅತ್ತೆ ಎದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ನನ್ನ ಹತ್ತಿರಕ್ಕೆ ಬಂದರು. ಬಂದವರು ನನ್ನ ಮುಖ ನೋಡಲಿಲ್ಲ. ಸಾರ್ ಕಡೆ ತಿರುಗಿ, ಇಡೀ ದಡಕ್ಕೆ ಕೇಳುವ ಹಾಗೆ, “ಅವರುಕ್ಕು ವಯಿರು ಸರಿಯಿಲ್ಲೆಪ್ಪಾ!” ಎಂದರು. ಹೊಟ್ಟೆ ಕೆಟ್ಟಿದೆಯಂತೆ. ಆಮೇಲೆ ಮಗಳಿಗೆ ಕೇಳಲೆಂದು ಅಷ್ಟೇ ಜೋರಾಗಿ ಕನ್ನಡದಲ್ಲಿ ಹೇಳಿದರು: “ಎಲ್ಲಾ ನನ್ನಿಂದಲೇ ಕಣೇ. ನಿನ್ನೆ ಮಜ್ಜಿಗೆ ಹುಳಿ ಹಳಸಿತ್ತು. ನೋಡ್ದೆ ಬಡಿಸ್ಬಿಟ್ಟೆ. ಪಾಪ, ನಾಚಿಕೆ ಪಟ್ಕೊಂಡು ಬೆಳಗ್ಗಿಂದ ಯಾರಿಗೂ ಹೇಳಿಲ್ಲ.”

ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ನಾನು ಬಾಯಿ ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಬಗ್ಗಿದೆ.

ಹೆಂಡತಿಯ ಮುಖಕ್ಕೆ ರಕ್ತ ವಾಪಸು ಬಂತು. ಬಂದ ಕೂಡಲೇ ಅಮ್ಮನ ಮೇಲೆ ಹರಿಹಾಯ್ದಳು. “ಹಳೇದು ಬಡಿಸ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ? ಒಂದು ವರ್ಷದಿಂದ ಪ್ರಾಕ್ಟೀಸ್ ಮಾಡಿದಾರೆ ಅವರು!” ಜನ ಸುತ್ತ ನೆರೆದಿದ್ದರು. ಉಪ್ಪು ಕಡಿಮೆ ಅಂದವರ ವಂಶ ಜಾಲಾಡುತ್ತಿದ್ದ ಹೆಂಗಸು ತಲೆ ತಗ್ಗಿಸಿ, “ತಪ್ಪಾಯ್ತು ಬಿಡು. ವಯಸ್ಸಾಯ್ತು, ವಾಸನೆ ಗೊತ್ತಾಗಲ್ಲ,” ಅಂದರು.

ಈಜು ಮುಗಿಸಿದವರು ಒಬ್ಬೊಬ್ಬರಾಗಿ ನೀರಿನಿಂದೆದ್ದು ಸೈಕಲ್ಲಿನತ್ತ ಓಡಿದರು. ಮಕ್ಕಳು ಅವರಿಗೆಲ್ಲ ಕೈ ಅಲ್ಲಾಡಿಸಿದರು. ಒಂದು ಚಿಕ್ಕ ಹುಡುಗಿ ಮಾತ್ರ ನನ್ನ ಕಡೆ ತಿರುಗಿ ಹೊಟ್ಟೆ ಮುಟ್ಟಿಕೊಂಡು, ನೋವಾ ಎಂದು ಮುಖ ಕಿವುಚಿ ಕೇಳಿದಳು. ಹೌದೆಂದು ತಲೆಯಾಡಿಸಿದೆ. ಊಟದ ಹೊತ್ತಿಗೆ ಅತ್ತೆ ಪಾತ್ರೆಯ ಬಟ್ಟೆ ಬಿಚ್ಚಿದಾಗ ಟೀಚರಮ್ಮ ಸಂಕೋಚದಿಂದ ಹತ್ತಿರ ಬಂದು, ಮಕ್ಕಳಿಗೆ ಬ್ರೆಡ್ ತಂದಿದ್ದೇವೆ, ಅದೇ ಸಾಕು ಅಂದರು. ಬೇರೆ ಯಾರೂ ಆ ಪಾತ್ರೆಯ ಬಳಿ ಸುಳಿಯಲಿಲ್ಲ. ಹಿಂದಿನ ದಿನ ಹಳಸಿದ್ದು ಬಡಿಸಿದೆನೆಂದು ತಾವೇ ಡಂಗುರ ಸಾರಿದವರ ಕೈ ಅಡುಗೆಯನ್ನು ಯಾರು ಮುಟ್ಟುತ್ತಾರೆ? ಆಟೋದಲ್ಲಿ ಅತ್ತೆ ತುಂಬಿದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಪುಳಿಯೋಗರೆ ಮನೆಗೆ ವಾಪಸು ಬಂದದ್ದು ಅದೇ ಮೊದಲು.

ಅಲ್ಲಿಂದ ನನ್ನ ಸಂಕಟ ಇನ್ನೊಂದು ಬಗೆಯದಾಯಿತು. ಶನಿವಾರ ಮಜ್ಜಿಗೆ ಹುಳಿ ಮಾಡಿಯೇ ಇರಲಿಲ್ಲ ಎಂಬುದು ನನಗೂ ಅತ್ತೆಗೂ ಮಾತ್ರ ಗೊತ್ತು. ಅವರಿಗೆ ವಿಷಯ ತಿಳಿದಿದೆಯೋ, ಇಲ್ಲ ಅಳಿಯ ಅಲೆಗೆ ಹೆದರಿದನೆಂದು ಮರ್ಯಾದೆ ಉಳಿಸಿದರೋ? ಕೇಳಿದರೆ ನಾನೇ ಹೇಳಿದಂತಾಗುತ್ತದೆ. ಹೆಂಡತಿಗೆ ಹೇಳೋಣವೆಂದರೆ, ಅಮ್ಮನಿಗೆ ಗೊತ್ತಾಗಿದೆಯೆಂದು ಅವಳು ಮತ್ತೆ ದಿನ ಎಣಿಸಿಕೊಂಡು ನಡುಗುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ಅಡಕತ್ತರಿಯ ಅಡಕೆಯಂತೆ ಇದ್ದೆ. ಜಗಲಿಯಲ್ಲಿ ನೊರೆಯ ನಾಟಕವೂ ನಡೆದೇ ಇತ್ತು. ಗಡ್ಡ ಕಣ್ಣಿಗೆ ಹೊಡೆಯುವಷ್ಟಾದಾಗ, ಉಪ್ಪುಗಾಳಿಗೆ ಚರ್ಮ ಕೆಟ್ಟಿದೆ, ಡಾಕ್ಟರು ಬ್ಲೇಡ್ ಮುಟ್ಟಬೇಡ ಅಂದಿದ್ದಾರೆ ಎಂದು ಎಲ್ಲರಿಗೂ ಹೇಳಿದೆ. ಹಾಗೆ ಕೇಳಿದವರಿಗೆಲ್ಲ ಅತ್ತೆಯೂ, “ಅಯ್ಯೋ, ಮೊಖ ಎಲ್ಲ ಒಡೆದುಹೋಗಿತ್ತು ಪಾಪ,” ಎಂದು ಒಗ್ಗರಣೆ ಹಾಕುತ್ತಿದ್ದರು.

ಬಳಗದಲ್ಲಿ ಮಜ್ಜಿಗೆ ಹುಳಿಯ ಕತೆ ಹಬ್ಬಿತು. ಯಾರ ಮನೆಯ ಹಬ್ಬಕ್ಕೆ ಹೋದರೂ ಪಂಕ್ತಿಯಲ್ಲಿ ಯಾರಾದರೊಬ್ಬರು, “ಹುಳಿ ಬಂತು, ಮೂಸಿ ನೋಡಿ ಹಾಕಿಸ್ಕೊಳ್ಳಿ,” ಎಂದು ಅತ್ತೆಯ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಅವರು ಒಮ್ಮೆಯೂ ತಿರುಗಿ ಅನ್ನಲಿಲ್ಲ. ನಾನು ತಲೆ ಬಗ್ಗಿಸಿ ಎಲೆಯ ಮೇಲಿನ ಅನ್ನ ಕಲಸುತ್ತಿದ್ದೆ.

ಐದು ತುಂಬಿದ ಮೇಲೆ ಹೆಂಡತಿ ಅಮ್ಮನಿಗೆ ಹೇಳಿದಳು. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, “ಕೃಷ್ಣಾ! ಇಷ್ಟು ದಿನ ನನ್ ಹತ್ರ ಮುಚ್ಚಿಟ್ಟಿದ್ಯಾ!” ಎಂದು ಕಣ್ಣೀರು ತಂದುಕೊಂಡು ಅವಳ ಬಾಯಿಗೆ ಸಕ್ಕರೆ ಹಾಕಿದರು. ಆ ಆಶ್ಚರ್ಯ ನೋಡಿ ನಾನೂ ನಂಬಿದೆ. ಇವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ನನ್ನನ್ನು ಪುಕ್ಕಲನೆಂದೇ ತಿಳಿದಿದ್ದಾರೆ ಅಂದುಕೊಂಡೆ.

ಮಗಳು ಹುಟ್ಟಿದಳು. ಗಟ್ಟಿ ಗಂಟಲಿನ ಹುಡುಗಿ. ಪುರುಡು ಕಳೆದು ನಾಮಕರಣದ ಬೆಳಗ್ಗೆ, ನೆಂಟರೆಲ್ಲ ಮುಂದಿನ ಹಜಾರದಲ್ಲಿ ಗಲಾಟೆ ಮಾಡುತ್ತಿದ್ದಾಗ, ನಾನು ಕೊರಳಿಗೆ ತಾಗುತ್ತಿದ್ದ ಗಡ್ಡ ಹೊತ್ತು ಹಿತ್ತಲ ಜಗಲಿಗೆ ಬಂದು ಕನ್ನಡಿಯ ಎದುರು ಕೂತೆ. ಅತ್ತೆ ಅಡುಗೆಮನೆಯಿಂದ ಬಿಸಿನೀರಿನ ಚೊಂಬು ತಂದರು. ಅದೇ ಚೊಂಬು. ಅದನ್ನು ಇಟ್ಟು, ಸೆರಗಿನ ಗಂಟು ಬಿಚ್ಚಿ ಹೊಸ ಬ್ಲೇಡಿನ ಪೊಟ್ಟಣವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು.

“ಇವತ್ತಾದ್ರೂ ಬ್ಲೇಡ್ ಹಾಕ್ಕೊಂಡು ಮಾಡ್ಕೊಳ್ಳಿ, ಮಾಪ್ಪಿಳ್ಳೆ,” ಅಂದರು. “ಆ ಸೋಮವಾರ ಜಗಲಿ ತೊಳೆಯೋವಾಗ ರೇಜರ್ ಕೈಗೆ ಸಿಕ್ತು. ಬರೀ ಹಿಡಿ. ಆಮೇಲೆ ದಿನಾ ನೋಡ್ದೆ.”

ನಾನು ಏಳಲು ಹೋದೆ. ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. “ಹೋದ್ಸಲ ನನ್ನ ಬಾಯಿಂದ ಅವಳು ತುಂಬಾ ಅತ್ತಳು,” ಎಂದರು. ಒಳಗಿಂದ ಯಾರೋ ಒಲೆ ನೋಡಲು ಕೂಗಿದರು, ಅವರು ಹೋದರು.

ಅವತ್ತಿನ ಅಡುಗೆಯಲ್ಲಿ ಬೂದುಗುಂಬಳದ ಮಜ್ಜಿಗೆ ಹುಳಿ ಇತ್ತು. ಅತ್ತೆ ಪಾತ್ರೆ ಹಿಡಿದು ಬಂದಾಗ ಪಂಕ್ತಿಯಲ್ಲಿ ಎಂದಿನ ನಗು ಎದ್ದಿತು. “ಅಳಿಯಂದಿರು ಹುಷಾರು!” ಎಂದು ಯಾರೋ ಕೂಗಿದರು. ನನ್ನ ಹೆಂಡತಿಯೂ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಅನ್ನದ ನಡುವೆ ಗುಳಿ ಮಾಡಿ, ಇನ್ನೂ ಹಾಕಿ ಅತ್ತೆ ಅಂದೆ. ಅವರು ಹಾಕಿದರು. ಅದು ಮುಗಿಯುವ ಮೊದಲೇ ಮತ್ತೆ ಕೈ ತೋರಿಸಿ ಹಾಕಿಸಿಕೊಂಡು, ನಗುವವರೆಲ್ಲ ಸುಮ್ಮನಾಗುವವರೆಗೂ ಉಂಡೆ.